ಮೂರು ತಲೆ ಕೂಡಿದರೆ ಪಾಠ

ಟೆಲ್‌ಬೆಕ್
೧೨ ಫೆಬ್ರವರಿ ೧೯೮೪, ಭಾನುವಾರ

ಸಿಟ್ಟು ಮಾಡಿಕೊಂಡು ಕೂತಿರುವ ನನ್ನ ಅಮ್ಮನಿಗೆ,

ಮೊದಲು ಹಂದಿಯ ವಿಷಯ ಮುಗಿಸಿಬಿಡುತ್ತೇನೆ. ನಾನು ಡೀನ್ ಹಾರ್ಮೆನಿಂಗ್ ಅವರನ್ನು ಹಂದಿ ಎಂದು ಕರೆಯಲಿಲ್ಲ. ಕರೆಯಬೇಕು ಅನ್ನಿಸಿತ್ತೇ ಎಂದು ಕೇಳಿದ್ದರೆ ಹೌದು ಎನ್ನುತ್ತಿದ್ದೆ, ಆದರೆ ನೀನು ಅದನ್ನು ಕೇಳಿಲ್ಲ. "ಅಷ್ಟು ಜನರೆದುರು ಹಂದಿ ಅಂದೆಯಂತೆ" ಎಂದು ಬರೆದಿದ್ದೀಯ. ಅಲ್ಲಿ ಅಷ್ಟು ಜನ ಇರಲೇ ಇಲ್ಲ, ಅಮ್ಮ. ಜನ ಇರಲಿಲ್ಲ ಎನ್ನುವುದೇ ಇಡೀ ಕಥೆ.

ಬಿಳಿ ಕಾಗದದ ಮೇಲೆ, ದುಂಡು ಅಕ್ಷರದಲ್ಲಿ, ಡೀನ್‌ಗೆ ಕ್ಷಮಾಪಣೆ ಬರೆದು ಕಳಿಸು ಎಂದಿದ್ದೀಯ. ಕಳಿಸುವುದಿಲ್ಲ. ಯಾಕೆ ಎಂದು ಫೋನಿನಲ್ಲಿ ಹೇಳಬಹುದಿತ್ತು, ಆದರೆ ಫೋನಿನಲ್ಲಿ ನೀನು ಎರಡನೇ ಮಾತಿಗೆ ಅಳುತ್ತೀಯ, ಮೂರನೇ ಮಾತಿಗೆ ಚಿಕ್ಕಮ್ಮನ ಕೈಗೆ ಕೊಡುತ್ತೀಯ. ಚಿಕ್ಕಮ್ಮ ಹವಾಮಾನ ಕೇಳುತ್ತಾಳೆ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದದ ಮಧ್ಯೆ ಬಾಯಿ ಹಾಕಲು ಯಾರಿಗೂ ಬರುವುದಿಲ್ಲ.

ಅಪ್ಪ ನಿನಗೆ ಬರೆದದ್ದು ಪೂರ್ತಿ ಸುಳ್ಳಲ್ಲ. ಆದರೆ ಮುಖ್ಯವಾದ ಜಾಗದಲ್ಲೇ ಸುಳ್ಳು. ಅಲ್ಲಿಗೆ ಆಮೇಲೆ ಬರುತ್ತೇನೆ. "ಇಪ್ಪತ್ತೈದು ವರ್ಷ ನಿನ್ನಪ್ಪ ಕಟ್ಟಿದ್ದನ್ನು ಒಂದು ಮಾತಿನಲ್ಲಿ ಕೆಡವಿದೆ" ಎಂದು ನೀನು ಬರೆದಿದ್ದೀಯಲ್ಲ, ಮೊದಲು ಅವನು ಏನು ಕಟ್ಟಿದ್ದಾನೆ ನೋಡೋಣ. ಈ ಪ್ರೊಫೆಸರ್‌ಗಳು ಒಬ್ಬರಿಗೊಬ್ಬರು ಅರವತ್ತು ತುಂಬಿದಾಗ ಎದ್ದು ನಿಂತು ಜೀವನಚರಿತ್ರೆ ಓದುತ್ತಾರೆ. ಅಪ್ಪನಿಗೆ ಯಾರೂ ಓದುವುದಿಲ್ಲ. ನಾನೇ ಓದುತ್ತೇನೆ.

ಆನ್ಸ್‌ಗಾರ್ ರೀಕ್‌ಹೋಫ್, ಓಸ್ನಾಬ್ರೂಕ್ ಕಡೆಯ ಹಳ್ಳಿಯಲ್ಲಿ ಮಾಂಸದಂಗಡಿಯವನ ಮಗ. ಅಜ್ಜ ತಕ್ಕಡಿಗೆ ಹಾಕುವ ಮೊದಲೇ ಹುಡುಗ ತೂಕ ಹೇಳುತ್ತಿದ್ದನಂತೆ. ಇವನು ಅಂಗಡಿ ಬೆಳೆಸುತ್ತಾನೆ ಎಂದುಕೊಂಡ ಅಜ್ಜ. ಮಗ ವಿಶ್ವವಿದ್ಯಾಲಯಕ್ಕೆ ಹೋಗಿ, ತಕ್ಕಡಿಗೆ ಹಾಕಲು ಏನೂ ಇಲ್ಲದ ತರ್ಕವನ್ನು ಆರಿಸಿಕೊಂಡ. ಡಾಕ್ಟರೇಟ್ ಬಂದ ದಿನ ಗೆಳೆಯರು ಪದ್ಧತಿಯಂತೆ ರಟ್ಟಿನ ಟೋಪಿ ಮಾಡಿ ತಲೆಗಿಟ್ಟರು, ತುದಿಗೆ ಒಂದು ಒಣ ಸಾಸೇಜ್ ಕಟ್ಟಿದರು. ಆ ಫೋಟೋ ಈಗಲೂ ಹಜಾರದಲ್ಲಿದೆ. ಅಪ್ಪ ನಗುತ್ತಿದ್ದಾನೆ. ನೀನು ಹಿಂದೆ ಅವನ ಕೋಟು ಹಿಡಿದುಕೊಂಡು ನಿಂತಿದ್ದೀಯ. ಆಮೇಲೂ ಬಹಳ ವರ್ಷ ಅದನ್ನೇ ಹಿಡಿದುಕೊಂಡು ನಿಂತಿದ್ದೆ.

ಅವನ ವಿದ್ಯೆ ಏನು ಎಂದು ಯಾರಾದರೂ ಕೇಳಿದರೆ ನಾನು ಹೀಗೆ ಹೇಳುತ್ತೇನೆ: ಸಂಖ್ಯೆಗಳು ತಮ್ಮೊಳಗೆ ಯಾವತ್ತೂ ಜಗಳವಾಡುವುದಿಲ್ಲ ಎಂದು ಸಾಧಿಸಿ ತೋರಿಸುವುದು. ಇವತ್ತು ಒಂದು ಮಾತು, ನಾಳೆ ಅದಕ್ಕೆ ಉಲ್ಟಾ ಮಾತು ಆಡುವುದಿಲ್ಲ ಎಂದು. ಅವು ಇಷ್ಟು ಸಾವಿರ ವರ್ಷ ಆಡಿಲ್ಲ, ಇನ್ನು ಮುಂದೆಯೂ ಆಡುವ ಲಕ್ಷಣ ಇಲ್ಲ. ಆದರೂ ಸಾಧಿಸಬೇಕಂತೆ. ಆ ಪುಸ್ತಕವನ್ನು ಅವನು ನಾನು ಹುಟ್ಟುವ ಮೊದಲಿನಿಂದ ಬರೆಯುತ್ತಿದ್ದಾನೆ. ಪಕ್ಕದ ಕೋಣೆಯಲ್ಲಿ ನಾವಿಬ್ಬರು ಕಿರುಚಾಡುತ್ತಿದ್ದರೆ ಬಾಗಿಲು ಮುಚ್ಚಿಕೊಂಡು, ಜಗಳವೇ ಇಲ್ಲದ ಲೋಕದ ಬಗ್ಗೆ ಇನ್ನೊಂದು ಪುಟ ಬರೆಯುತ್ತಿದ್ದ.

ಡಾಕ್ಟರೇಟಿನ ಮೇಲೆ ಇನ್ನೊಂದು ದಪ್ಪ ಪ್ರಬಂಧ, ಇನ್ನೊಂದು ಪರೀಕ್ಷೆ. ಅದರ ಕೊನೆಗೆ ಸಿಕ್ಕಿದ್ದು ಪಾಠ ಹೇಳುವ ಹಕ್ಕು. ಹಕ್ಕು ಎಂದರೆ ಸಂಬಳ ಇಲ್ಲದ್ದು. ಹೆಸರಿನ ಮುಂದೆ ಪ್ರಿವಾಟ್‌ಡೋಟ್ಸೆಂಟ್ ಎಂದು ಬರೆದುಕೊಳ್ಳಬಹುದು, ಬಾಗಿಲಿಗೆ ಹಿತ್ತಾಳೆ ಫಲಕ ಹಾಕಿಸಿಕೊಳ್ಳಬಹುದು. ನಮ್ಮ ಪಂಡಿತರ ನಿಯಮ ಎಂಥದ್ದು ನೋಡು: ಬೆಳೆದ ಮನೆಯಲ್ಲಿ, ಅಂದರೆ ಹಕ್ಕು ಕೊಟ್ಟ ವಿಶ್ವವಿದ್ಯಾಲಯದಲ್ಲಿ, ಯಾರೂ ಪ್ರೊಫೆಸರ್ ಆಗುವಂತಿಲ್ಲ, ಬೇರೆ ಊರಿನಿಂದ 'ಕರೆ' ಬರಬೇಕು. ಕರೆಯುವ ಊರಿನವರು ಮೂವರ ಹೆಸರನ್ನು ಸಾಲಾಗಿ ಇಡುತ್ತಾರೆ. ಮೊದಲನೆಯವನು ಬೇಡ ಅಂದರೆ ಎರಡನೆಯವನಿಗೆ ಕೆಲಸ. ಅಪ್ಪ ಹೋದಲ್ಲೆಲ್ಲ ಎರಡನೆಯವನಾದ. ಮೊದಲನೆಯವರು ಯಾರೂ ಬೇಡ ಅನ್ನಲಿಲ್ಲ, ಯಾರೂ ಸಾಯಲೂ ಇಲ್ಲ. ನಾನು ಚಿಕ್ಕವಳಿದ್ದಾಗ ಊಟದ ಮೇಜಿನಲ್ಲಿ ಅಪ್ಪ, "ಮೊದಲನೆಯವರಿಗೆ ಯಾಕೋ ಎದೆನೋವಂತೆ" ಎಂದು ಮೆಲ್ಲಗೆ ಹೇಳಿದ್ದು, ನೀನು ಒಂದು ಕ್ಷಣ ಚಮಚ ಎತ್ತಿ ಹಾಗೇ ಹಿಡಿದದ್ದು ನನಗೆ ನೆನಪಿದೆ. ಪಾಪ, ಆ ಮೊದಲನೆಯ ಮನುಷ್ಯ ಗುಣವಾಗಿ ಈಗಲೂ ಪಾಠ ಮಾಡುತ್ತಿದ್ದಾನೆ.

ಕರೆ ಬರುವ ತನಕ ಅಲ್ಲಿ ಇಲ್ಲಿ ಖಾಲಿಯಾದ ಕುರ್ಚಿ ಬೆಚ್ಚಗಿಡುವ ಕೆಲಸ. ಹೊಸ ಪ್ರೊಫೆಸರ್ ಬಂದ ಕೂಡಲೇ ಎದ್ದು ಹೊರಡಬೇಕು. ಬ್ರೇಮನ್, ಕಾಸೆಲ್, ಉಲ್ಮ್, ಮತ್ತೆ ಟೆಲ್‌ಬೆಕ್. ಒಂದೊಂದು ಪ್ರಾಂತದ ಶಾಲೆಗೆ ಒಂದೊಂದು ಪಾಠಕ್ರಮ. ನಾನು ಜೀವಕೋಶ ಒಡೆದು ಎರಡಾಗುವುದನ್ನು ಎಲ್ಲ ಊರಿನಲ್ಲೂ ಕಲಿತೆ, ಫ್ರಾನ್ಸಿನ ಕ್ರಾಂತಿಯನ್ನು ಒಂದು ಊರಿನಲ್ಲೂ ಕಲಿಯಲಿಲ್ಲ. ನಾನು ಬರುವ ಮೊದಲು ಇಲ್ಲವೇ ಹೋದ ಮೇಲೆ ರಾಜನ ತಲೆ ಉರುಳುತ್ತಿತ್ತು. ಹನ್ನೊಂದನೆಯ ತರಗತಿಯಲ್ಲಿ ಇನ್ನೊಂದು ಸಲ ಕೋಶ ಬಂದಾಗ ಚೀಲ ತೆಗೆದುಕೊಂಡು ಎದ್ದು ಬಂದೆ. ನೀನು ಅದನ್ನು ಸೋಮಾರಿತನ ಎಂದೆ. ಇರಬಹುದು. ಆದರೆ ಸಾಮಾನು ಸಾಗಿಸುವ ಕ್ರೋಗರ್ ನನ್ನನ್ನು ಕೆಲಸಕ್ಕೆ ಸೇರಿಸಿಕೊಂಡಾಗ, "ಗಾಜು ಸುತ್ತೋಕೆ ಯಾರ್ ಕಲಿಸಿದ್ರಮ್ಮ ನಿಂಗೆ?" ಎಂದು ಬೆರಗಾದ. ನಮ್ಮಪ್ಪನ ವಿದ್ಯಾಭ್ಯಾಸ ಅಂದೆ.

ಇನ್ನೊಂದು ಸಂಗತಿ, ನೀನು ಮರೆತಿರಲಾರೆ. ಭಾನುವಾರದ ಕಾಫಿ ಹೊತ್ತಿಗೆ ತಟ್ಟೆ ತಾ ಎಂದು ಕಳಿಸಿದರೆ ಅಪ್ಪ ಎರಡೇ ತರುತ್ತಿದ್ದ. ನಿನಗೊಂದು, ನನಗೊಂದು. "ಆನ್ಸ್‌ಗಾರ್, ನೀನೇನು ಗಾಳಿ ತಿಂತೀಯಾ?" ಅನ್ನುತ್ತಿದ್ದೆ ನೀನು. ಅವನು ಎರಡು ತಟ್ಟೆ ನೋಡಿ, ನಮ್ಮಿಬ್ಬರನ್ನು ನೋಡಿ, ಲೆಕ್ಕ ಸರಿಯಾಗೇ ಇದೆಯಲ್ಲ ಎಂಬಂತೆ ನಿಲ್ಲುತ್ತಿದ್ದ. ನೀನು ಹೋದ ಮೇಲೆ ಒಂದೇ ತಟ್ಟೆ ತಂದು ನನ್ನ ಮುಂದಿಟ್ಟು, ತಾನು ಎದುರಿಗೆ ಕೈಕಟ್ಟಿ ಕೂರುತ್ತಾನೆ. ಇಂಥವನ ಕೈಗೆ ಈ ದೇಶ ಸಂಖ್ಯೆಗಳ ಬುಡವನ್ನು ಒಪ್ಪಿಸಿದೆ.

ಈಗ ಈ ಚಳಿಗಾಲಕ್ಕೆ ಬರೋಣ.

ನಿನಗೆ ಗೊತ್ತಿರುವುದು: ಉತ್ತರದ ಒಂದು ಊರಿನ ಸಾಲಿನಲ್ಲಿ ಅಪ್ಪ ಮತ್ತೆ ಎರಡನೆಯವನು. ಈ ಸಲದ ಮೊದಲನೆಯವನು ಆ ಕರೆಯನ್ನು ತನ್ನ ಊರಿನಲ್ಲಿ ತೋರಿಸಿ ಸಂಬಳ ಏರಿಸಿಕೊಳ್ಳುತ್ತಿದ್ದಾನೆ, ಕೊನೆಗೆ ಬರುವುದಿಲ್ಲ ಎಂದು ಸುದ್ದಿ. ಅಪ್ಪನಿಗೆ ಐವತ್ತೊಂದು. ಐವತ್ತೆರಡು ದಾಟಿದರೆ ಸರ್ಕಾರ ಕಾಯಂ ಮಾಡಿಕೊಳ್ಳುವುದಿಲ್ಲ. ಅಂದರೆ ಇದೇ ಕೊನೆಯದು. ನಿನಗೆ ಗೊತ್ತಿಲ್ಲದ್ದು ಇದು: ಆ ಸಾಲಿನಲ್ಲಿ ಉಳಿಯಬೇಕಾದರೆ ಪಾಠ ಹೇಳುವ ಹಕ್ಕು ಜೀವಂತ ಇರಬೇಕು. ಅದು ಜೀವಂತ ಇರಬೇಕಾದರೆ ವರ್ಷಕ್ಕೆ ಒಂದು ವಿಷಯವನ್ನಾದರೂ, ಒಂದು ಕಾಸೂ ಇಲ್ಲದೆ, ಇಲ್ಲಿ ಬಂದು ಪಾಠ ಮಾಡಬೇಕು. ಮೂವರು ಕೂಡಿದರೆ ಮಾತ್ರ ಅದು ಪಾಠ, ಇಲ್ಲದಿದ್ದರೆ ಅಲ್ಲ. ಇದನ್ನು ಇವರು ಲ್ಯಾಟಿನ್‌ನಲ್ಲಿ ಹೇಳುತ್ತಾರೆ. ಲ್ಯಾಟಿನ್‌ನಲ್ಲಿ ಹೇಳಿದ್ದನ್ನು ಈ ಜನ ಎರಡನೇ ಸಲ ಓದಿ ನೋಡುವುದಿಲ್ಲ.

ಅಕ್ಟೋಬರಿನಲ್ಲಿ ಮೂವರಿದ್ದರು. ಒಬ್ಬ ಟೀಲೊ, ಸದಾ ಶೀತ, ಮೂಗೊರೆಸಿಕೊಳ್ಳುತ್ತ ಎಲ್ಲವನ್ನೂ ಬರೆದುಕೊಳ್ಳುವ ಹುಡುಗ. ಇನ್ನೊಬ್ಬರು ನಿವೃತ್ತ ಪಾದ್ರಿ ಟೇಪೆ, ಇಳಿವಯಸ್ಸಿನಲ್ಲಿ ಹೆಸರು ಬರೆಸಿ ಪಾಠ ಕೇಳಲು ಬರುವವರು. ಮೂರನೆಯವಳೊಬ್ಬಳಿದ್ದಳು, ವಿಮೆಯ ಲೆಕ್ಕ ಕಲಿಯುತ್ತೇನೆ ಎಂದು ಕ್ರಿಸ್ಮಸ್‌ಗೆ ಮೊದಲೇ ಹೋದಳು. ಅಪ್ಪ ಅವಳಿಗೆ ಬಾಗಿಲ ತನಕ ಹೋಗಿ ಶುಭ ಹಾರೈಸಿ ಬಂದ.

ಜನವರಿಯಲ್ಲಿ ಒಂದು ಸಂಜೆ ಕೇಲ್ ಸೊಪ್ಪು, ಸಾಸೇಜ್ ಬೇಯಿಸಿದ್ದೆ. ಅಪ್ಪ ತಟ್ಟೆಯಲ್ಲಿ ಸೊಪ್ಪನ್ನು ಆ ಕಡೆ ಈ ಕಡೆ ತಳ್ಳುತ್ತಿದ್ದ.

"ಫ್ರೌಕೆ, ಶುಕ್ರವಾರ ಮಧ್ಯಾಹ್ನ ಕೆಲಸ ಇರುತ್ತಾ ನಿಂಗೆ?"

"ಯಾಕೆ?"

"ಬಂದು ಕೂತ್ಕೋ. ಸುಮ್ನೆ. ಒಳಗೆ ಬೆಚ್ಚಗಿರುತ್ತೆ."

"ನಾನೇನು ಕುರ್ಚಿನಾ ಅಪ್ಪ?"

"ಕುರ್ಚಿ ನಲವತ್ತಿವೆ. ತಲೆ ಬೇಕು. ಮೂವರು ಕೂಡ್ಬೇಕು, ಇಬ್ರೇ ಇದ್ದಾರೆ."

"ಯಾರಾದ್ರೂ ಕೇಳಿದ್ರೆ ಇದ್ದದ್ದು ಇದ್ದ ಹಾಗೆ ಹೇಳ್ತೀನಿ."

ಅವನು ಮೊದಲ ಸಲ ತಲೆಯೆತ್ತಿ ನೋಡಿದ. "ಯಾರೂ ಕೇಳಲ್ಲ," ಅಂದ. "ಇಷ್ಟು ವರ್ಷದಲ್ಲಿ ನನ್ನ ಪಾಠದ ಬಗ್ಗೆ ಯಾರೂ ಏನೂ ಕೇಳಿಲ್ಲ."

ನನಗೆ ಕನಿಕರ ಬಂದು ಹೋದೆ ಎಂದುಕೊಳ್ಳಬೇಡ. ಈ ದೊಡ್ಡ ಮನುಷ್ಯರು ಯಾವುದಕ್ಕಾಗಿ ನಿನ್ನನ್ನು ಫ್ಲೆನ್ಸ್‌ಬುರ್ಗ್‌ಗೆ ಓಡಿಸಿದರು, ನನ್ನನ್ನು ಪೆಟ್ಟಿಗೆಗಳ ನಡುವೆ ಬೆಳೆಸಿದರು ಎಂದು ಒಂದು ಸಲ ಕಣ್ಣಾರೆ ನೋಡಬೇಕಿತ್ತು.

ನೋಡಿದೆ. ಒಂದು ಹಳೆಯ ಕೋಣೆ, ಒದ್ದೆ ಉಣ್ಣೆಯ ವಾಸನೆ, ಕಿಟಕಿ ಕೆಳಗೆ ಗೊರಗೊರ ಅನ್ನುವ ಕೊಳವೆ. ಅಪ್ಪ ನಮಗಿಂತ ಮೊದಲೇ ಬಂದು ಕರಿಹಲಗೆ ತೊಳೆಯುತ್ತಿದ್ದ. ಸ್ಪಂಜಿನಿಂದ ಮೇಲಿಂದ ಕೆಳಗೆ, ಆಮೇಲೆ ರಬ್ಬರ್ ಪಟ್ಟಿಯಿಂದ ನೀರು ಎಳೆದು, ಮತ್ತೆ ಬಟ್ಟೆಯಿಂದ ಅಂಚು ಒರೆಸಿ. ಅಜ್ಜ ಸಂಜೆ ಅಂಗಡಿ ಮುಚ್ಚುವ ಮೊದಲು ಮಾಂಸ ಕಡಿಯುವ ಮರ ತೊಳೆಯುತ್ತಿದ್ದದ್ದು ಹೀಗೇ. ಅಪ್ಪ ಮನೆಯಲ್ಲಿ ಒಂದು ಲೋಟವನ್ನೂ ಹೀಗೆ ತೊಳೆದದ್ದು ನಾನು ಕಂಡಿಲ್ಲ.

ಪಾದ್ರಿ ಟೇಪೆ ನನ್ನ ಕಡೆ ಪೆಪ್ಪರ್‌ಮಿಂಟ್ ಡಬ್ಬಿ ಚಾಚಿ, "ತಗೋ ಮಗೂ, ಎಚ್ಚರ ಇರೋಕೆ ಸಹಾಯ ಆಗುತ್ತೆ" ಅಂದರು.

"ನಿಮಗೆ ಇದು ಅರ್ಥ ಆಗುತ್ತಾ?" ಎಂದು ಕೇಳಿದೆ.

"ನಲವತ್ತು ವರ್ಷ ನಾನು ಉಪದೇಶ ಮಾಡ್ದೆ. ಒಬ್ರೂ ನನ್ನ ಹೀಗೆ ಕೇಳ್ಲಿಲ್ಲ. ಅದೇ ಧೈರ್ಯದ ಮೇಲೆ ಬರ್ತೀನಿ."

ಒಂದೆರಡು ಶುಕ್ರವಾರ ಯಾರೂ ಬರಲಿಲ್ಲ, ಯಾರೂ ಕೇಳಲಿಲ್ಲ. ನಾನು ಕ್ರೋಗರ್ ಕಂಪನಿಯ ನೀಲಿ ಅಂಗಿಯಲ್ಲೇ ಹೋಗಿ, ಹಿಂದಿನ ಸಾಲಿನಲ್ಲಿ ಕೂತು, ಮುಗಿದಾಗ ಉಳಿದವರಂತೆ ಮೇಜನ್ನು ಗೆಣ್ಣಿನಿಂದ ಟಕಟಕ ಬಡಿದು ಎದ್ದು ಬರುತ್ತಿದ್ದೆ. ಇವರಿಗೆ ಚಪ್ಪಾಳೆ ತಟ್ಟಲೂ ಬರುವುದಿಲ್ಲ, ಬಾಗಿಲು ಬಡಿದ ಹಾಗೆ ಮೇಜು ಬಡಿಯುತ್ತಾರೆ. ಮೂವರು ಬಡಿದರೆ ಅದೊಂದು ಮೆಚ್ಚುಗೆ. ಅಪ್ಪ ಅದಕ್ಕೆ ತಲೆಬಾಗಿ ವಂದಿಸುತ್ತಿದ್ದ!

ಹಂದಿ ಬಂದದ್ದು ಮೊನ್ನೆ ಮೂರನೇ ತಾರೀಖಿನ ಶುಕ್ರವಾರ.

ಆ ದಿನದ ಪಾಠ ಹೀಗಿತ್ತು. ಒಂದೇ ಒಂದು ಸುಳ್ಳನ್ನು ಒಳಗೆ ಬಿಟ್ಟುಕೊಂಡರೆ ಸಾಕು, ಆಮೇಲೆ ಜಗತ್ತಿನಲ್ಲಿ ಏನನ್ನು ಬೇಕಾದರೂ ಸಾಧಿಸಿಬಿಡಬಹುದು, ಅದಕ್ಕೇ ಗಣಿತದಲ್ಲಿ ಒಂದು ಚೂರು ಸುಳ್ಳಿಗೂ ಜಾಗವಿಲ್ಲ ಎಂದು ಅಪ್ಪ ವಿವರಿಸುತ್ತಿದ್ದ. ಟೀಲೊ ಮುಖ ಗಂಟಿಕ್ಕಿದ. ಅಪ್ಪ ಸೀಮೆಸುಣ್ಣ ಕೆಳಗಿಟ್ಟು, ಅಂಗಡಿಯ ಹುಡುಗನಂತೆ ಎರಡೂ ಕೈಯನ್ನು ಮೇಜಿಗೂರಿ ಹೇಳಿದ: "ಸರಿ, ಎರಡು ಅಂದ್ರೂ ಮೂರು ಅಂದ್ರೂ ಒಂದೇ ಅಂತ ಒಪ್ಕೊಳ್ಳಿ. ಎರಡೂ ಕಡೆಯಿಂದ ಎರಡು ಕಳೀರಿ. ಏನುಳೀತು? ಈ ಕಡೆ ಸೊನ್ನೆ, ಆ ಕಡೆ ಒಂದು. ಅಂದ್ರೆ ಸೊನ್ನೆಗೂ ಒಂದಕ್ಕೂ ವ್ಯತ್ಯಾಸ ಇಲ್ಲ. ಈಗ ಹೇಳಿ, ಈ ಕೋಣೇಲಿ ಹಂದಿ ಎಷ್ಟಿವೆ?"

"ಸೊನ್ನೆ," ಅಂದ ಟೀಲೊ.

"ಅಂದ್ರೆ ಒಂದಿದೆ!"

ಪಾದ್ರಿ ಟೇಪೆ ಬಗ್ಗಿ ಬೆಂಚಿನ ಕೆಳಗೆ ನೋಡಿದರು. ನನಗೆ ನಗು ಬಂತು. ಅಪ್ಪನೂ ನಕ್ಕ. ಹಜಾರದ ಫೋಟೋದ ನಗು, ಅಮ್ಮ. ಅದು ಅವನ ಮುಖದಲ್ಲಿ ಇನ್ನೂ ಉಳಿದಿದೆ ಎಂದು ನನಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ಬಾಗಿಲು ತೆರೆಯಿತು. ಡೀನ್ ಹಾರ್ಮೆನಿಂಗ್. ಸೈಕಲ್ಲಿನ ಕ್ಲಿಪ್ಪು ಇನ್ನೂ ಪ್ಯಾಂಟಿನ ಬುಡದಲ್ಲೇ ಇತ್ತು, ಮುಖದಲ್ಲಿ ಮನೆ ಬಾಡಿಗೆಗೆ ನೋಡಲು ಬಂದವರ ಕಳೆ. ವಿಭಾಗಕ್ಕೆ ಕಂಪ್ಯೂಟರ್ ಬರುತ್ತವಂತೆ, ಅವಕ್ಕೆ ಕೋಣೆ ಬೇಕಂತೆ. ಮೊದಲು ಕೊಳವೆ ನೋಡಿದರು, ಆಮೇಲೆ ಪ್ಲಗ್ಗು, ಆಮೇಲೆ ನಮ್ಮನ್ನು.

"ಮುಂದುವರೀಲಿ ಡಾಕ್ಟರೇ, ಮುಂದುವರೀಲಿ. ಎಷ್ಟು ಜನ ಬರ್ತಾರೆ ನಿಮ್ಮ ಪಾಠಕ್ಕೆ?"

"ಮೂರು ಜನ," ಅಂದ ಅಪ್ಪ. ಹಲಗೆಯ ಮೇಲೆ ಇನ್ನೂ ಎರಡು ಮತ್ತು ಮೂರು ಅಕ್ಕಪಕ್ಕ ಇದ್ದವು.

ಡೀನ್ ನನ್ನ ಅಂಗಿ ನೋಡಿದರು. ಎದೆಯ ಮೇಲೆ ಕ್ರೋಗರ್ ಕಂಪನಿಯ ಲಾರಿಯ ಚಿತ್ರವಿದೆ. "ಇವರು ಏನು ಓದ್ತಿದ್ದಾರೆ?"

"ಏನೂ ಓದ್ತಿಲ್ಲ," ಅಂದೆ. "ಹನ್ನೊಂದನೇ ಕ್ಲಾಸಿಗೇ ಬಿಟ್ಟೆ. ಮನೆ ಸಾಮಾನು ಕಟ್ಟೋ ಕೆಲಸ. ಇವರ ಮಗಳು."

ನೀನು ಇಲ್ಲೇ ನಿಲ್ಲಿಸಿ, ಇದೇ ನೋಡು ಅವಳು ಮಾಡಿದ್ದು ಅನ್ನುತ್ತೀಯ. ನಿಲ್ಲಿಸಬೇಡ, ಓದು. ಅಪ್ಪ ಆಗ ಏನು ಮಾಡಿದ ಗೊತ್ತೇ? ನಾಚಿಕೊಳ್ಳಲಿಲ್ಲ. ವಾದಕ್ಕಿಳಿದ! ನಿಯಮದಲ್ಲಿ ವಿದ್ಯಾರ್ಥಿ ಎಂದಿಲ್ಲ, ಕೂಡುವುದು ಎಂದಷ್ಟೇ ಇದೆ, ಕೂತು ಕೇಳಿದವರೆಲ್ಲ ಕೇಳುಗರೇ, ನಿಯಮಕ್ಕೆ ಇದಕ್ಕಿಂತ ಹೆಚ್ಚು ಬೇಕಿಲ್ಲ ಎಂದ. ಜೀವಮಾನವಿಡೀ ಹರಿತ ಮಾಡಿದ ಚಾಕುವಿನಿಂದ ನನ್ನನ್ನು ಮೂರನೆಯ ತುಂಡಾಗಿ ಕತ್ತರಿಸಿ ತಕ್ಕಡಿಗೆ ಹಾಕಿದ. ನನ್ನ ಜನ್ಮದಲ್ಲಿ ಅಪ್ಪನನ್ನು ಅಷ್ಟು ಕೀಳಾಗಿ ಯಾವತ್ತೂ ಕಂಡಿರಲಿಲ್ಲ.

ಡೀನ್‌ಗೆ ಇದು ಮೋಜಾಯಿತು. ಇವರಿಗೆ ಮನುಷ್ಯರು ಬೇಡ, ಒಳ್ಳೆಯ ವಾದ ಸಿಕ್ಕರೆ ಸಾಕು. "ಸರಿ ಡಾಕ್ಟರೇ, ಕೇಳುಗರು ಅನ್ನೋಣ. ಹಾಗಾದ್ರೆ ಕೇಳಿರಬೇಕಲ್ಲ?" ಎಂದು ನನ್ನ ಕಡೆ ತಿರುಗಿದರು. "ಹೇಳಮ್ಮ, ಇವತ್ತು ಏನು ಪಾಠ ಆಯ್ತು?"

ನಾನು ಕೇಳಿಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಕೇಳಿದ್ದೆ. ಕೇಳಿದ್ದನ್ನೇ ಹೇಳಿದೆ.

"ಎರಡು ಅಂದ್ರೂ ಮೂರು ಅಂದ್ರೂ ಒಂದೇ ಅಂತ ಒಪ್ಕೊಂಡ್ರೆ, ಈ ಕೋಣೇಲಿ ಒಂದು ಹಂದಿ ಇದೆ ಅಂತ ಸಾಧಿಸಬಹುದು."

ಇಷ್ಟೇ. ಡೀನ್ ಬಾಗಿಲಲ್ಲಿ ನಿಂತಿದ್ದರು, ನಾನು ಅವರನ್ನೇ ನೋಡಿ ಹೇಳಿದೆ, ಅದು ನಿಜ. ಮಾತಾಡುವಾಗ ಮುಖ ನೋಡಿ ಮಾತಾಡು ಎಂದು ಕಲಿಸಿದವಳು ನೀನೇ.

ಕೊಳವೆ ಗೊರಗೊರ ಅನ್ನುತ್ತಿತ್ತು. ಪಾದ್ರಿ ಟೇಪೆ ನಿಧಾನಕ್ಕೆ ಮೇಜು ಬಡಿದರು. ಟೀಲೊ ಕೆಮ್ಮಿದ. ಡೀನ್ ಹಲಗೆ ನೋಡಿದರು, ಓದಿದರು, ತಲೆ ಹಿಂದಕ್ಕೆ ಹಾಕಿ ನಕ್ಕರು. "ಚೆನ್ನಾಗೇ ಕೇಳಿದ್ದಾರೆ! ನಮ್ಮ ಮೂರನೇ ವರ್ಷದವರು ಇಷ್ಟು ಹೇಳಲ್ಲ. ಆಗಲಿ ಡಾಕ್ಟರೇ, ಮೂರು ಅಂತಲೇ ಇರಲಿ" ಎಂದು ಬಾಗಿಲು ಎಳೆದುಕೊಳ್ಳಲು ಹಿಡಿಕೆಗೆ ಕೈ ಹಾಕಿದರು.

ನೋಡಿದೆಯಾ ಅಮ್ಮ? ನಾನು ಏನನ್ನೂ ಕೆಡವಲಿಲ್ಲ. ನನ್ನ ಹಂದಿಯಿಂದ ಅಪ್ಪ ಪಾರಾದ. ಪಾಠ ಉಳಿಯಿತು, ಹಕ್ಕು ಉಳಿಯಿತು, ಸಾಲಿನಲ್ಲಿ ಎರಡನೆಯ ಜಾಗ ಉಳಿಯಿತು. ಬಾಗಿಲು ಮುಚ್ಚಿದ್ದರೆ ಆಗಿತ್ತು.

ಅಪ್ಪ ನನ್ನನ್ನು ನೋಡುತ್ತಿರಲಿಲ್ಲ, ಡೀನ್‌ರನ್ನೂ ನೋಡುತ್ತಿರಲಿಲ್ಲ. ಹಲಗೆ ನೋಡುತ್ತಿದ್ದ. ಆಮೇಲೆ ಸ್ಪಂಜು ತೆಗೆದುಕೊಂಡು ಮೂರನ್ನು ಒರೆಸಿದ. ಒರೆಸಿದ ಜಾಗದಲ್ಲಿ ನೀರು ಇಳಿಯಿತು, ಅದನ್ನು ಪಟ್ಟಿಯಿಂದ ಎಳೆಯಲಿಲ್ಲ.

"ಎರಡು," ಅಂದ.

"ಏನಂದ್ರಿ?"

"ಎರಡು ಜನ. ಟೀಲೊ, ಪಾದ್ರಿಗಳು. ಇವಳನ್ನ ಲೆಕ್ಕ ತುಂಬಿಸೋಕೆ ನಾನು ಕರ್ಕೊಂಡು ಬಂದೆ. ಮೂರು ಅಂದದ್ದು ಸುಳ್ಳು."

"ಡಾಕ್ಟರೇ," ಡೀನ್ ದನಿ ತಗ್ಗಿಸಿದರು, "ನಾನು ಆಗಲೇ ಆಗಲಿ ಅಂದೆ. ನೀವು ಹೇಳ್ತಿರೋದರ ಪರಿಣಾಮ ನಿಮಗೆ ಗೊತ್ತಲ್ವಾ? ಈ ವಯಸ್ಸಲ್ಲಿ?"

"ಗೊತ್ತು," ಅಂದ ಅಪ್ಪ. "ಬಾಗಿಲು ಹಾಕ್ಕೊಂಡು ಹೋಗಿ, ಚಳಿ ಬರುತ್ತೆ. ಪಾಠ ಇನ್ನೂ ಇದೆ."

ಗಂಟೆ ಹೊಡೆಯುವ ತನಕ ಪಾಠ ಮಾಡಿದ. ಅದು ಪಾಠವಲ್ಲ ಎಂದು ತಾನೇ ಹೇಳಿದ ಮೇಲೂ ಮಾಡಿದ. ಕೊನೆಗೆ ಮೇಜು ಬಡಿದೆವು. ನಾನು ಸ್ವಲ್ಪ ಜೋರಾಗೇ ಬಡಿದೆ, ಗೆಣ್ಣು ಇನ್ನೂ ನೋಯುತ್ತಿದೆ.

ಮನೆಗೆ ಸೈಕಲ್ ತಳ್ಳಿಕೊಂಡೇ ಬಂದೆವು, ದಾರಿಯೆಲ್ಲ ಗಾಜಿನಂತೆ ಹಿಮ. ನಾನು ಏನಾದರೂ ಹೇಳಬೇಕಿತ್ತು. ನನಗೆ ಹೀನಾಯದ ಮಾತು ತಕ್ಷಣ ಬರುತ್ತದೆ, ಬೇರೆಯದು ಬರುವುದಿಲ್ಲ. ಅದು ನಿನ್ನಿಂದ ಬಂದದ್ದೋ ಅವನಿಂದ ಬಂದದ್ದೋ ನೀವಿಬ್ಬರೇ ಇತ್ಯರ್ಥ ಮಾಡಿಕೊಳ್ಳಿ. ಚರ್ಚಿನ ತಿರುವಿನಲ್ಲಿ ಅವನೇ, "ಹಂದಿ ಬದಲು ಕೋಳಿ ಅಂದಿದ್ರೆ ಚೆನ್ನಾಗಿತ್ತು" ಅಂದ. ನಾನು, "ಕೋಳಿ ಅಂದಿದ್ರೆ ಅವರಿಗೆ ತಮ್ಮ ವಿಷಯ ಅಂತ ಗೊತ್ತಾಗ್ತಿರಲಿಲ್ಲ" ಅಂದೆ. ನಕ್ಕನೇನೋ, ಮಫ್ಲರ್ ಸುತ್ತಿದ್ದ, ಕಾಣಲಿಲ್ಲ.

ಮಾರನೆಯ ದಿನ ಕೂತು ನಿನಗೆ ಬರೆದ. ನಾನು ಡೀನ್‌ರನ್ನು ಹಂದಿ ಎಂದೆ, ಅವರು ಸಿಟ್ಟಾಗಿ ಪಾಠ ರದ್ದು ಮಾಡಿದರು, ಕೆಲಸದ ಆಸೆ ಹೋಯಿತು ಎಂದು. ನಿನ್ನ ಕಾಗದ ಓದಿದಾಗ ನನಗೆ ಮೈ ಉರಿಯಿತು. ಅವನ ಮುಂದೆ ಹಿಡಿದು, "ಇದೇನು?" ಎಂದೆ. ಚಾಳೀಸು ಒರೆಸುತ್ತ, "ನಿನ್ನ ಮೇಲೆ ಅವಳು ಜಾಸ್ತಿ ದಿನ ಸಿಟ್ಟಾಗಿರಲ್ಲ" ಅಂದ. ಇಂಥ ವಾದ ಎಲ್ಲಾದರೂ ಕೇಳಿದ್ದೀಯಾ?

ಯಾಕೆ ಹಾಗೆ ಬರೆದ ಎಂದು ಈ ವಾರವೆಲ್ಲ ಯೋಚಿಸಿದೆ, ಗಾಜು ಸುತ್ತುವಾಗ ಬೇರೆ ಕೆಲಸವೇನು. ನೀನು ಅವನನ್ನು ಬೇಡಿಕೊಂಡೆ: ಬಿಡು ಆನ್ಸ್‌ಗಾರ್, ಶಾಲೆಯಲ್ಲಿ ಮೇಷ್ಟರಾಗು, ಒಂದೂರಿನಲ್ಲಿ ನಿಲ್ಲೋಣ. ಉಲ್ಮ್‌ನಲ್ಲಿ ಬೇಡಿಕೊಂಡೆ, ಇಲ್ಲಿಗೆ ಬಂದ ಮೇಲೂ ಬೇಡಿಕೊಂಡೆ, ಕೊನೆಗೆ ಬೇಡುವುದನ್ನು ಬಿಟ್ಟು ರೈಲು ಹತ್ತಿದೆ. ನಿನಗಾಗಿ ಬಿಡಲಿಲ್ಲ, ನನಗಾಗಿ ಬಿಡಲಿಲ್ಲ. ಈಗ ಕರಿಹಲಗೆಯ ಮೇಲಿನ ಒಂದು ಅಂಕಿಗಾಗಿ, ಯಾರೂ ಕೇಳದೆ, ಬಾಗಿಲು ಮುಚ್ಚುವ ಮೊದಲು ತಾನೇ ಬಿಟ್ಟುಕೊಟ್ಟ. ಅದನ್ನು ನಿನಗೆ ಯಾವ ಮುಖ ಇಟ್ಟುಕೊಂಡು ಬರೆದಾನು? ಮಗಳು ಕೆಡಿಸಿದಳು ಎಂದರೆ ನೀನು ಅವನಿಗೆ ಅಯ್ಯೋ ಅನ್ನುತ್ತೀಯ. ತಾನೇ ಬಿಟ್ಟೆ ಎಂದರೆ, ಆಗ ಯಾಕೆ ಬಿಡಲಿಲ್ಲ ಎಂದು ಕೇಳುತ್ತೀಯ. ಅದಕ್ಕೆ ಅವನ ಹತ್ತಿರ ಯಾವ ತರ್ಕವೂ ಇಲ್ಲ.

ಜೀವನದಲ್ಲಿ ಒಂದೇ ಒಂದು ಸಲ ತಲೆಯೆತ್ತಿ ನಡೆಯುವ ಕೆಲಸ ಮಾಡಿದ. ಅದನ್ನೇ ಕಳ್ಳತನ ಮಾಡಿದವನ ಹಾಗೆ ಬಚ್ಚಿಟ್ಟ. ಇವನನ್ನು ಏನು ಮಾಡುವುದು ಹೇಳು.

ಆದ್ದರಿಂದ ಕ್ಷಮಾಪಣೆ ಬರೆಯುವುದಿಲ್ಲ. ಬರೆದರೆ ಅವನು ಒರೆಸಿದ ಮೂರನ್ನು ನಾನು ಮತ್ತೆ ಹಲಗೆಯ ಮೇಲೆ ಬರೆದ ಹಾಗೆ. ನೀನು ಕೇಳಬೇಕಾದದ್ದು ಏನಾದರೂ ಇದ್ದರೆ ಅವನನ್ನು ಕೇಳು. ನೇರವಾಗಿ ಕೇಳು, ಕೇಳಿದರೆ ಹೇಳುತ್ತಾನೆ. ಇಷ್ಟು ವರ್ಷ ನಾವಿಬ್ಬರೂ ಅವನ ಮೇಲೆ ಕೂಗಾಡಿದ್ದೇವೆ ಅಷ್ಟೇ, ಏನನ್ನೂ ಕೇಳಿಲ್ಲ ಅನ್ನಿಸುತ್ತದೆ.

ಚಿಕ್ಕಮ್ಮನಿಗೆ ಹೇಳು: ಇಲ್ಲಿ ಹಿಮ, ಗಾಳಿ ಇಲ್ಲ.

ಇದ್ದದ್ದು ಇದ್ದ ಹಾಗೆ ಬರೆದಿರುವ
ಫ್ರೌಕೆ

ಮರೆತದ್ದು, ಅಲ್ಲ, ಈಗಷ್ಟೇ ಆದದ್ದು. ಲಕೋಟೆಗೆ ಅಂಟು ಹಚ್ಚುವ ಹೊತ್ತಿಗೆ ಫೋನ್ ಬಂತು. ಡೀನ್, ಭಾನುವಾರ, ಮನೆಯಿಂದ. ಹಳೆಯ ಪ್ರೊಫೆಸರ್‌ಗಳನ್ನೆಲ್ಲ ವಿಚಾರಿಸಿದರಂತೆ. ಮೂವರು ಕೂಡಿದರೆ ಪಾಠ ಎನ್ನುವಾಗ ಪಾಠ ಮಾಡುವವನನ್ನೂ ಸೇರಿಸಿಯೇ ಮೂವರಂತೆ. ಮೊದಲಿನಿಂದಲೂ ಹಾಗೇ ಅಂತೆ. ಟೀಲೊ, ಪಾದ್ರಿ, ಅಪ್ಪ. ಪಾಠ ಪಾಠವೇ, ಹಕ್ಕು ಹಾಗೇ ಇದೆ, ಸಾಲಿನಲ್ಲಿ ಈಗಲೂ ಎರಡನೆಯವನೇ. ಒಂದಿಡೀ ಗಣಿತ ವಿಭಾಗಕ್ಕೆ ಮೂರರ ತನಕ ಎಣಿಸಲು ಇಷ್ಟು ದಿನ ಬೇಕಾಯಿತು.

ಅಪ್ಪ ಫೋನ್ ಇಟ್ಟು ಅಲ್ಲೇ ನಿಂತ. "ನನ್ನ ಎಣಿಸ್ಕೊಳ್ಳೇ ಇಲ್ಲ ನಾನು," ಅಂದ. ಆಮೇಲೆ, "ಸುಳ್ಳೂ ಬೇಕಿರಲಿಲ್ಲ, ನಿಜಾನೂ ಬೇಕಿರಲಿಲ್ಲ," ಅಂದ. ಕಾಫಿ ಹೊತ್ತಾಗಿತ್ತು, ತಟ್ಟೆ ತಾ ಅಂದೆ.

ಮೂರು ತಟ್ಟೆ ತಂದು ಮೇಜಿನ ಮೇಲೆ ಇಟ್ಟ. ತನ್ನನ್ನು ಎಣಿಸಿಕೊಂಡಿದ್ದಾನೆ. ನಿನ್ನನ್ನು ಕಳೆಯಲು ಮರೆತಿದ್ದಾನೆ. ಏನು ತರ್ಕಪಂಡಿತನೋ!

ಮೂರನೆಯದನ್ನು ನಾನು ಎತ್ತಿಡಲಿಲ್ಲ. ಅದು ನನ್ನ ಕೆಲಸವಲ್ಲ. ಸಾಮಾನು ಕಟ್ಟಲು ಹೋದ ಮನೆಯಲ್ಲಿ ಯಾವುದು ಹೋಗಬೇಕು, ಯಾವುದು ಉಳಿಯಬೇಕು ಎಂದು ಆ ಮನೆಯವರೇ ಹೇಳಬೇಕು.